ಯೂಕ್ಲಿಡ್ ಎಲ್ಲ ಕೊಟ್ಟ, ಒಂದು ಸಾಲು ಬಿಟ್ಟ

ಕ್ವಾಂಟಮ್ ಕಂಪ್ಯೂಟರ್ ಬಂದರೆ ಆನ್‌ಲೈನ್ ಬ್ಯಾಂಕಿಂಗ್‌ನ ಬೀಗ ಒಡೆಯುತ್ತದಂತೆ ಅನ್ನುವ ಸುದ್ದಿ ಈಗ ಆಗಾಗ ಬರುತ್ತಿದೆ. ಭಾರತ ಸರ್ಕಾರ 2023ರಲ್ಲಿ ಸುಮಾರು 6,000 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಅದರ ಕ್ವಾಂಟಮ್ ಕಂಪ್ಯೂಟಿಂಗ್ ಕೇಂದ್ರ ಬೆಂಗಳೂರಿನ ಐಐಎಸ್‌ಸಿಯಲ್ಲಿದೆ. 2024ರ ಆಗಸ್ಟ್‌ನಲ್ಲಿ ಅಮೆರಿಕದ ಮಾನಕ ಸಂಸ್ಥೆ ಇಂಥ ಕಂಪ್ಯೂಟರಿಗೂ ಜಗ್ಗದಂತೆ ರೂಪಿಸಿದ ಹೊಸ ಗೂಢಲಿಪಿ ವಿಧಾನಗಳನ್ನು ಹೊರತಂದಿತು.

ಇಷ್ಟೆಲ್ಲ ಗಡಿಬಿಡಿಯ ಹಿಂದೆ ಇರುವುದು ನಾವೆಲ್ಲ ಶಾಲೆಯಲ್ಲಿ ಮಾಡಿದ ಒಂದು ಲೆಕ್ಕ. ಒಂದು ಸಂಖ್ಯೆಯನ್ನು ಅವಿಭಾಜ್ಯ ಸಂಖ್ಯೆಗಳಾಗಿ ಒಡೆಯುವುದು. 1977ರಲ್ಲಿ ಹುಟ್ಟಿದ ಆರ್‌ಎಸ್‌ಎ ಅನ್ನುವ ಗೂಢಲಿಪಿ ಇದರ ಮೇಲೇ ನಿಂತಿದೆ. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಸುಲಭ. ಬಂದ ಉತ್ತರವನ್ನು ಮಾತ್ರ ಕೊಟ್ಟು ಮೂಲ ಎರಡನ್ನು ಹುಡುಕು ಅಂದರೆ ಈಗಿನ ಕಂಪ್ಯೂಟರ್‌ಗಳು ಸುಸ್ತಾಗುತ್ತವೆ. ದೊಡ್ಡ ಕ್ವಾಂಟಮ್ ಕಂಪ್ಯೂಟರ್ ಇದ್ದರೆ ಅದನ್ನು ಬೇಗ ಮಾಡಬಹುದು ಅಂತ ಅಮೆರಿಕದ ಗಣಿತಜ್ಞ ಪೀಟರ್ ಶೋರ್ 1994ರಲ್ಲಿ ತೋರಿಸಿದರು. ಚಿಂತೆ ಶುರುವಾದದ್ದು ಅಲ್ಲಿಂದ.

ಈ ಒಡೆಯುವ ಲೆಕ್ಕದ ಬೇರು ಹುಡುಕಿಕೊಂಡು ಹೋದರೆ ಎಲ್ಲರೂ ಗ್ರೀಕರ ಕಡೆ, ಅದರಲ್ಲೂ ಯೂಕ್ಲಿಡ್ ಕಡೆ ಬೆರಳು ತೋರಿಸುತ್ತಾರೆ. ತಪ್ಪೇನಿಲ್ಲ. ಆದರೆ ಅವನ ಪುಸ್ತಕವನ್ನು ತೆರೆದು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಬೇಕಾದ ಸಾಮಾನೆಲ್ಲ ಅಲ್ಲಿದೆ. ನಾವು ಹತ್ತನೇ ಕ್ಲಾಸಿನಲ್ಲಿ ಓದುವ ಪ್ರಮೇಯ ಮಾತ್ರ ಅಲ್ಲಿಲ್ಲ.

ಇವತ್ತು ನಾವು ಹೇಳುವ ಪ್ರಮೇಯ

ಮೊದಲು ಪದಗಳನ್ನು ಸರಿ ಮಾಡಿಕೊಳ್ಳೋಣ. 1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದ ಸಂಖ್ಯೆ ಅವಿಭಾಜ್ಯ. 2, 3, 5, 7, 11, 13 ಹೀಗೆ. 1ಕ್ಕಿಂತ ದೊಡ್ಡದಾಗಿದ್ದು ಅವಿಭಾಜ್ಯ ಅಲ್ಲದ್ದು ಸಂಯುಕ್ತ ಸಂಖ್ಯೆ. 4, 6, 9, 12, 15 ಈ ಗುಂಪಿನವು. ಒಂದು ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆ ಅದರ ಅಪವರ್ತನ, ಇಲ್ಲವೇ ಭಾಜಕ.

12ನ್ನು ಒಡೆದರೆ 2 × 2 × 3. 60ನ್ನು ಒಡೆದರೆ 2 × 2 × 3 × 5. ಹೀಗೆ ಒಡೆಯುವುದೇ ಅವಿಭಾಜ್ಯ ಅಪವರ್ತನೀಕರಣ.

ಅಂಕಗಣಿತದ ಮೂಲಭೂತ ಪ್ರಮೇಯ ಅಂತ ಹತ್ತನೇ ಕ್ಲಾಸಿನ ಪುಸ್ತಕದಲ್ಲಿ ಬರುವುದು ಇದರ ಬಗ್ಗೆಯೇ. ಅದರಲ್ಲಿ ಎರಡು ಮಾತಿವೆ. ಒಂದು, 1ಕ್ಕಿಂತ ದೊಡ್ಡದಾದ ಯಾವ ಸಂಖ್ಯೆಯನ್ನಾದರೂ ಹೀಗೆ ಒಡೆಯಬಹುದು. ಇನ್ನೊಂದು, ಒಡೆದರೆ ಸಿಗುವ ಅವಿಭಾಜ್ಯಗಳು ಯಾವಾಗಲೂ ಅವೇ. ಬರೆಯುವ ಕ್ರಮ ಬದಲಾಗಬಹುದು ಅಷ್ಟೆ. 60ನ್ನು ನೀವು 6 × 10 ಅಂತ ಶುರು ಮಾಡಿ, ನಾನು 4 × 15 ಅಂತ ಶುರು ಮಾಡುತ್ತೇನೆ. ಕೊನೆಗೆ ಇಬ್ಬರ ಕೈಯಲ್ಲೂ ಎರಡು 2, ಒಂದು 3, ಒಂದು 5.

1ನ್ನು ಅವಿಭಾಜ್ಯ ಅಂತ ಯಾಕೆ ಕರೆಯುವುದಿಲ್ಲ ಅನ್ನೋದೂ ಇಲ್ಲೇ ಗೊತ್ತಾಗುತ್ತದೆ. 1ನ್ನು ಸೇರಿಸಿಕೊಂಡರೆ 12 = 1 × 2 × 2 × 3 = 1 × 1 × 2 × 2 × 3 ಅಂತ ಎಷ್ಟು ಬೇಕಾದರೂ ಎಳೆಯಬಹುದು. ಎರಡನೇ ಮಾತು ಅಲ್ಲಿಗೇ ಕೆಡುತ್ತದೆ.

‘ಅವೇ ಬರುತ್ತವೆ’ ಅನ್ನೋದು ಅಷ್ಟು ಸಲೀಸಲ್ಲ

ಮೊದಲ ಮಾತು ನಂಬುವುದು ಸುಲಭ. ಎರಡನೆಯದು? ಇದರಲ್ಲಿ ಸಾಧಿಸುವುದೇನಿದೆ ಅಂತ ಹೆಚ್ಚಿನವರಿಗೆ ಅನಿಸುತ್ತದೆ. ಚಿಕ್ಕಂದಿನಿಂದ ಮಾಡಿ ಮಾಡಿ ಅಭ್ಯಾಸವಾಗಿದೆ ಅಲ್ವಾ. ಅದಕ್ಕೇ ಒಂದು ಆಟ ನೋಡೋಣ.

ಸಮ ಸಂಖ್ಯೆಗಳು ಮಾತ್ರ ಇರುವ ಒಂದು ಲೋಕ ಇದೆ ಅಂದುಕೊಳ್ಳಿ. 2, 4, 6, 8, 10, 12... ಬೆಸ ಸಂಖ್ಯೆ ಅಲ್ಲಿ ಹುಟ್ಟೇ ಇಲ್ಲ. ಇಲ್ಲಿ ಎರಡು ಸಂಖ್ಯೆಗಳನ್ನು ಗುಣಿಸಿದರೆ ಸಮ ಸಂಖ್ಯೆಯೇ ಬರುತ್ತದೆ, ಹಾಗಾಗಿ ಗುಣಾಕಾರಕ್ಕೆ ತೊಂದರೆ ಇಲ್ಲ. ಈ ಲೋಕದಲ್ಲಿ 4ನ್ನು 2 × 2 ಅಂತ ಒಡೆಯಬಹುದು. 6ನ್ನು ಒಡೆಯಲು ಆಗುವುದಿಲ್ಲ, ಯಾಕೆಂದರೆ 3 ಇಲ್ಲಿಲ್ಲ. 10, 14, 18, 30 ಇವೂ ಹಾಗೇ. ಅಂದರೆ ಈ ಲೋಕದ ಮಟ್ಟಿಗೆ ಇವೆಲ್ಲ ಅವಿಭಾಜ್ಯಗಳು.

ಈಗ 60ನ್ನು ತೆಗೆದುಕೊಳ್ಳಿ. 60 = 2 × 30. ಎರಡೂ ಇಲ್ಲಿನ ಅವಿಭಾಜ್ಯಗಳು. 60 = 6 × 10. ಇವೂ ಅವಿಭಾಜ್ಯಗಳೇ. ಒಂದೇ ಸಂಖ್ಯೆ ಎರಡು ಬೇರೆ ಬೇರೆ ರೀತಿ ಒಡೆಯಿತು!

ಹಾಗಾಗಿ ನಮ್ಮ ಮಾಮೂಲಿ ಸಂಖ್ಯೆಗಳಲ್ಲಿ ಹೀಗೆ ಆಗುವುದಿಲ್ಲ ಅನ್ನೋದಕ್ಕೆ ಏನೋ ಒಂದು ಕಾರಣ ಇರಲೇಬೇಕು. ಆ ಕಾರಣ ನಮಗೆ ಸಿಗುವುದು ಯೂಕ್ಲಿಡ್‌ನಲ್ಲಿ. ಅವನಿಗೆ ಹೋಗುವ ಮುಂಚೆ ಅವನ ಹಿಂದಿನವರನ್ನು ಸ್ವಲ್ಪ ನೋಡಿಬಿಡೋಣ.

ಹರಳು ಕಲ್ಲುಗಳು, ಮತ್ತು 5040 ಮನೆಗಳ ಊರು

ಪೈಥಾಗೊರಸ್‌ನ ಪಂಥದವರು ಸಂಖ್ಯೆಗಳನ್ನು ಹರಳು ಕಲ್ಲು ಜೋಡಿಸಿ ನೋಡುತ್ತಿದ್ದರು. 12 ಕಲ್ಲುಗಳನ್ನು ಮೂರು ಸಾಲಿನಲ್ಲಿ ನಾಲ್ಕು ನಾಲ್ಕರಂತೆ ಇಡಬಹುದು. ಎರಡು ಸಾಲಿನಲ್ಲಿ ಆರಾರರಂತೆಯೂ ಇಡಬಹುದು. 7 ಕಲ್ಲುಗಳನ್ನು ಏನೇ ಮಾಡಿದರೂ ಆಯತವಾಗಿ ಜೋಡಿಸಲಾಗದು. ಒಂದೇ ಉದ್ದ ಸಾಲು. ಪಾರೊಸ್ ದ್ವೀಪದ ಥೈಮರಿಡಾಸ್ ಅನ್ನುವವನು ಇಂಥ ಸಂಖ್ಯೆಗಳನ್ನು ನೇರಗೆರೆಯವು ಅಂತಲೇ ಕರೆಯುತ್ತಿದ್ದನಂತೆ. ಅವಿಭಾಜ್ಯ ಅನ್ನುವ ಗುಣ ಹೀಗೆ ಮೊದಲು ಕಣ್ಣಿಗೆ ಕಂಡಿತು.

ಇನ್ನೊಂದು ಸ್ವಾರಸ್ಯದ ಪ್ರಸಂಗ ಪ್ಲೇಟೊನದು. ಅವನ ಕೊನೆಗಾಲದ ಕೃತಿ ‘ಲಾಸ್’ (ಕಾನೂನುಗಳು) ಎಂಬುದರಲ್ಲಿ ಕ್ರೀಟ್ ದ್ವೀಪದಲ್ಲಿ ಹೊಸ ಊರು ಕಟ್ಟುವ ಮಾತು ಬರುತ್ತದೆ. ಊರಿನಲ್ಲಿ ಎಷ್ಟು ಮನೆತನ ಇರಬೇಕು? 5040 ಅನ್ನುತ್ತಾನೆ. ಯಾಕೆ? ಜನರನ್ನು ಗುಂಪು ಮಾಡಲು, ಜಮೀನು ಹಂಚಲು, ತೆರಿಗೆ ಹಾಕಲು ಬಹಳ ರೀತಿಯಲ್ಲಿ ಭಾಗವಾಗುವ ಸಂಖ್ಯೆ ಬೇಕು. 5040ಕ್ಕೆ 59 ಭಾಜಕಗಳಿವೆ, 1ರಿಂದ 10ರವರೆಗೆ ಎಲ್ಲವೂ ಸೇರಿ ಅಂತ ಅವನೇ ಲೆಕ್ಕ ಕೊಡುತ್ತಾನೆ. 12ರವರೆಗೆ ನೋಡಿದರೆ 11 ಒಂದು ಮಾತ್ರ ಕೈಕೊಡುತ್ತದೆ. ಅದಕ್ಕೂ ಅವನ ಹತ್ತಿರ ಮದ್ದಿದೆ. ಎರಡು ಮನೆ ಬಿಟ್ಟುಬಿಡಿ ಅನ್ನುತ್ತಾನೆ. 5038 ಅಂದರೆ 11 × 458. ಸರಿಯಾಗಿದೆ.

59 ಅನ್ನುವ ಎಣಿಕೆಯನ್ನು ನಾವು ಇವತ್ತು ಹೀಗೆ ಪರೀಕ್ಷಿಸುತ್ತೇವೆ. 5040 = 2 × 2 × 2 × 2 × 3 × 3 × 5 × 7. ಒಂದು ಭಾಜಕ ಮಾಡಲು ನಾಲ್ಕು 2ಗಳಲ್ಲಿ ಎಷ್ಟು ಬೇಕಾದರೂ ತೆಗೆದುಕೊಳ್ಳಬಹುದು, ಒಂದೂ ತೆಗೆದುಕೊಳ್ಳದೆಯೂ ಇರಬಹುದು. ಹಾಗಾಗಿ 5 ಆಯ್ಕೆ. 3ಗಳಿಗೆ 3 ಆಯ್ಕೆ, 5ಕ್ಕೆ 2, 7ಕ್ಕೆ 2. ಒಟ್ಟು 5 × 3 × 2 × 2 = 60. ಅದರಲ್ಲಿ 5040 ಅನ್ನೇ ಬಿಟ್ಟರೆ 59. ಗಮನಿಸಿ, ಈ ಎಣಿಕೆ ನಡೆಯುವುದೇ ಒಡೆಯುವ ರೀತಿ ಒಂದೇ ಆಗಿರುವುದರಿಂದ. ಇಲ್ಲದಿದ್ದರೆ ಎರಡು ಬೇರೆ ಆಯ್ಕೆಗಳು ಒಂದೇ ಭಾಜಕವನ್ನು ಕೊಡಬಹುದಿತ್ತು, ಪಟ್ಟಿಯಲ್ಲಿ ಇಲ್ಲದ ಭಾಜಕವೊಂದು ಎಲ್ಲಿಂದಲೋ ಬರಬಹುದಿತ್ತು. ಪ್ಲೇಟೊ ಉತ್ತರವನ್ನಷ್ಟೇ ಹೇಳುತ್ತಾನೆ, ದಾರಿ ಹೇಳುವುದಿಲ್ಲ.

ಯೂಕ್ಲಿಡ್‌ನ ಅಳತೆ

ಯೂಕ್ಲಿಡ್ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಕ್ರಿ.ಪೂ. 300ರ ಆಸುಪಾಸಿನಲ್ಲಿದ್ದವನು. ಅವನ ‘ಎಲಿಮೆಂಟ್ಸ್’ 13 ಭಾಗಗಳ ಗ್ರಂಥ. ರೇಖಾಗಣಿತದ ಪುಸ್ತಕ ಅಂತಲೇ ಹೆಸರುವಾಸಿ. ಆದರೆ 7, 8, 9ನೇ ಭಾಗಗಳು ಪೂರ್ತಿ ಸಂಖ್ಯೆಗಳ ಬಗ್ಗೆ. ಮೂರರಲ್ಲೂ ಸೇರಿ 102 ಪ್ರಮೇಯಗಳಿವೆ.

ಅಲ್ಲಿ ನಮಗೆ ಗುರುತು ಸಿಗುವಂಥ ಅಂಕಿಗಳೇ ಇಲ್ಲ. ಪ್ರತಿ ಸಂಖ್ಯೆಯೂ ಒಂದು ಗೆರೆ. ಅದಕ್ಕೆ ಹೆಸರಾಗಿ ಒಂದೋ ಎರಡೋ ಅಕ್ಷರ. ‘ಉದಾಹರಣೆಗೆ 12ನ್ನು ತೆಗೆದುಕೊಳ್ಳಿ’ ಅನ್ನುವ ಮಾತು ಎಲ್ಲೂ ಬರುವುದಿಲ್ಲ.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ಮುಖ್ಯ. ಯೂಕ್ಲಿಡ್‌ಗೆ 1 ಸಂಖ್ಯೆಯೇ ಅಲ್ಲ. ಅದು ಏಕಮಾನ. ಏಕಮಾನಗಳು ಹಲವು ಸೇರಿದರೆ ಸಂಖ್ಯೆ. ಒಂದು ಸಂಖ್ಯೆ ಇನ್ನೊಂದನ್ನು ಭಾಗಿಸುತ್ತದೆ ಅಂತ ಅವನು ಹೇಳುವುದಿಲ್ಲ, ಅಳೆಯುತ್ತದೆ ಅನ್ನುತ್ತಾನೆ. ಪಾವಿನಲ್ಲಿ ಅಕ್ಕಿ ಅಳೆದ ಹಾಗೆ. ಪಾವು ಪಾವಾಗಿ ಸುರಿದು ಕೊನೆಗೆ ಚೂರೂ ಉಳಿಯದಿದ್ದರೆ ಅಳತೆ ಸರಿಹೋಯಿತು. 3ರಿಂದ 12ನ್ನು ಅಳೆಯಬಹುದು, ನಾಲ್ಕು ಸಲಕ್ಕೆ ಮುಗಿಯುತ್ತದೆ. 5ರಿಂದ ಅಳೆದರೆ 2 ಉಳಿಯುತ್ತದೆ. ಹೀಗಾಗಿ ಅವನ ಪ್ರಕಾರ ಅವಿಭಾಜ್ಯ ಅಂದರೆ ಏಕಮಾನ ಒಂದರಿಂದ ಮಾತ್ರ ಅಳೆಯಬಹುದಾದ ಸಂಖ್ಯೆ. ಬೇರೊಂದು ಸಂಖ್ಯೆಯಿಂದಲೂ ಅಳೆಯಬಹುದಾದರೆ ಅದು ಸಂಯುಕ್ತ.

ಕಳೆಯುತ್ತಾ ಹೋಗುವ ಉಪಾಯ

7ನೇ ಭಾಗ ಶುರುವಾಗುವುದೇ ಒಂದು ವಿಧಾನದಿಂದ. ಎರಡು ಸಂಖ್ಯೆಗಳನ್ನು ಒಟ್ಟಿಗೆ ಅಳೆಯಬಲ್ಲ ಅತಿ ದೊಡ್ಡ ಸಂಖ್ಯೆ ಯಾವುದು? ಶಾಲೆಯಲ್ಲಿ ಇದನ್ನೇ ಮ.ಸಾ.ಅ. ಅನ್ನುತ್ತೇವೆ. ಯೂಕ್ಲಿಡ್‌ನ ಉಪಾಯ ಇಷ್ಟೇ: ದೊಡ್ಡದರಿಂದ ಚಿಕ್ಕದನ್ನು ಕಳೆಯುತ್ತಾ ಹೋಗು.

91 ಮತ್ತು 35 ಇರಲಿ. 91ರಿಂದ 35 ಕಳೆದರೆ 56. ಮತ್ತೆ 35 ಕಳೆದರೆ 21. ಈಗ 35 ದೊಡ್ಡದು, 21 ಚಿಕ್ಕದು. 35ರಿಂದ 21 ಕಳೆದರೆ 14. 21ರಿಂದ 14 ಕಳೆದರೆ 7. 14ರಿಂದ 7 ಕಳೆದರೆ 7. ಎರಡೂ ಸಮ ಆದವು. ಉತ್ತರ 7.

ಇದು ಯಾಕೆ ಸರಿ? 91ನ್ನೂ 35ನ್ನೂ ಶೇಷವಿಲ್ಲದೆ ಅಳೆಯುವ ಸಂಖ್ಯೆ ಅವುಗಳ ವ್ಯತ್ಯಾಸವನ್ನೂ ಹಾಗೇ ಅಳೆಯಲೇಬೇಕು. ಆದ್ದರಿಂದ ಪ್ರತಿ ಹೆಜ್ಜೆಯಲ್ಲೂ ಸಂಖ್ಯೆಗಳು ಚಿಕ್ಕದಾಗುತ್ತವೆ, ಆದರೆ ಸಾಮಾನ್ಯ ಅಳತೆ ಕೈಬಿಡುವುದಿಲ್ಲ. ಕೊನೆಗೆ 1 ಬಂದರೆ ಆ ಎರಡು ಸಂಖ್ಯೆಗಳಿಗೆ ಸಾಮಾನ್ಯ ಅಳತೆಯೇ ಇಲ್ಲ ಅಂತ ಅರ್ಥ. ಇಂಥ ಜೋಡಿಗೆ ಸಹ-ಅವಿಭಾಜ್ಯ ಅಂತ ಹೆಸರು. 8 ಮತ್ತು 15 ಹಾಗೆ. ಎರಡೂ ಅವಿಭಾಜ್ಯವಲ್ಲ, ಆದರೆ ಒಂದಕ್ಕೊಂದು ಸಂಬಂಧವಿಲ್ಲ.

ಶಾಲೆಯಲ್ಲಿ ನಾವು ಮ.ಸಾ.ಅ. ಕಂಡುಹಿಡಿಯಲು ಎರಡು ಸಂಖ್ಯೆಗಳನ್ನೂ ಅವಿಭಾಜ್ಯಗಳಾಗಿ ಒಡೆದು, ಎರಡರಲ್ಲೂ ಇರುವುದನ್ನು ಆರಿಸುತ್ತೇವೆ. ಯೂಕ್ಲಿಡ್ ಇಲ್ಲಿ ಏನನ್ನೂ ಒಡೆಯಲಿಲ್ಲ. ಅವನ ಕಟ್ಟಡದಲ್ಲಿ ಮ.ಸಾ.ಅ. ಬರುವುದು ಮೊದಲು, ಅವಿಭಾಜ್ಯಗಳ ಸಂಗತಿ ಬರುವುದು ಆಮೇಲೆ. ಈ ಕ್ರಮ ಬಹಳ ಜಾಣತನದ್ದು ಅಂತ ನನಗನಿಸುತ್ತದೆ. ಇವತ್ತಿನ ಕಂಪ್ಯೂಟರ್ ನೋಡಿದರೂ ಗೊತ್ತಾಗುತ್ತದೆ. 600 ಅಂಕಿಗಳ ಎರಡು ಸಂಖ್ಯೆ ಕೊಟ್ಟರೆ ಈ ವಿಧಾನದಿಂದ ಮ.ಸಾ.ಅ. ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತದೆ. ಕಳೆಯುವ ಬದಲು ಭಾಗಿಸಿ ಶೇಷ ತೆಗೆದುಕೊಳ್ಳುತ್ತಾರೆ, ಅಷ್ಟೇ ಬದಲಾವಣೆ. ಆದರೆ ಒಡೆಯುವುದು? 250 ಅಂಕಿಗಳ ಒಂದು ಸಂಖ್ಯೆಯನ್ನು 2020ರಲ್ಲಿ ಒಡೆದಾಗ ಆದ ಕೆಲಸ ಒಂದೇ ಪ್ರೊಸೆಸರ್ ಕೋರ್‌ಗೆ ಸುಮಾರು 2,700 ವರ್ಷದಷ್ಟು. ಆರ್‌ಎಸ್‌ಎಯ ಕೀಲಿ ತಯಾರಿಸುವಾಗ ಯೂಕ್ಲಿಡ್‌ನ ವಿಧಾನವೇ ಬಳಕೆಯಾಗುತ್ತದೆ. ಆ ಕೀಲಿಯನ್ನು ಕಾಯುವುದು ಮಾತ್ರ ಒಡೆಯುವ ಕಷ್ಟ.

ಇಳಿಯುತ್ತಾ ಹೋದರೆ ನೆಲ ಸಿಗಲೇಬೇಕು

7ನೇ ಭಾಗದ 31ನೇ ಪ್ರಮೇಯ: ಯಾವುದೇ ಸಂಯುಕ್ತ ಸಂಖ್ಯೆಯನ್ನು ಯಾವುದೋ ಒಂದು ಅವಿಭಾಜ್ಯ ಸಂಖ್ಯೆ ಅಳೆಯುತ್ತದೆ.

ವಾದ ಚಿಕ್ಕದು. 84 ಸಂಯುಕ್ತ. ಅಂದಮೇಲೆ ಅದನ್ನು ಯಾವುದೋ ಸಂಖ್ಯೆ ಅಳೆಯುತ್ತದೆ, ಉದಾಹರಣೆಗೆ 42. ಅದು ಅವಿಭಾಜ್ಯವಾಗಿದ್ದರೆ ಕೆಲಸ ಮುಗಿಯಿತು. ಅಲ್ಲ, ಹಾಗಾಗಿ ಅದನ್ನು ಇನ್ನೊಂದು ಅಳೆಯುತ್ತದೆ, 21 ಅನ್ನಿ. ಅದೂ ಅವಿಭಾಜ್ಯವಲ್ಲ. ಅದನ್ನು 7 ಅಳೆಯುತ್ತದೆ. 7 ಅವಿಭಾಜ್ಯ. ಅದು 21ನ್ನು, 42ನ್ನು, 84ನ್ನು ಎಲ್ಲವನ್ನೂ ಅಳೆಯುತ್ತದೆ. ಇಂಥ ಒಂದು ಅವಿಭಾಜ್ಯ ಸಿಗದೇ ಹೋದರೆ? ಹಾಗಾದರೆ ಒಂದಕ್ಕಿಂತ ಒಂದು ಚಿಕ್ಕದಾಗುತ್ತಾ ಕೊನೆಯೇ ಇಲ್ಲದ ಸಾಲು ಬೇಕಾಗುತ್ತದೆ. ಸಂಖ್ಯೆಗಳಲ್ಲಿ ಅದು ಅಸಾಧ್ಯ ಅನ್ನುತ್ತಾನೆ ಯೂಕ್ಲಿಡ್. ಗೆರೆಯನ್ನಾದರೆ ಅರ್ಧ, ಅರ್ಧದ ಅರ್ಧ ಅಂತ ಕತ್ತರಿಸುತ್ತಲೇ ಇರಬಹುದು. ಸಂಖ್ಯೆಗಳು ಏಕಮಾನದ ಹತ್ತಿರ ಬಂದು ನಿಲ್ಲಲೇಬೇಕು.

ಈಗ 84ನ್ನು 7ರಿಂದ ಭಾಗಿಸಿ 12 ಪಡೆದು, ಅದಕ್ಕೂ ಇದೇ ಪ್ರಮೇಯ ಹಚ್ಚಿ, ಹೀಗೇ ಮುಂದುವರಿದರೆ 84 = 7 × 3 × 2 × 2 ಸಿಗುತ್ತದೆ. ನಮ್ಮ ಪ್ರಮೇಯದ ಮೊದಲ ಮಾತು ಇದೇ. ಯೂಕ್ಲಿಡ್ ಮಾತ್ರ ‘ಹೀಗೇ ಮುಂದುವರಿದರೆ’ ಅಂತ ಬರೆಯಲಿಲ್ಲ. ಒಂದು ಅವಿಭಾಜ್ಯ ಸಿಕ್ಕಿತಲ್ಲ, ಅಲ್ಲಿಗೆ ನಿಲ್ಲಿಸಿದ.

ಎಲ್ಲದಕ್ಕೂ ಕೀಲಿ ಈ 30ನೇ ಪ್ರಮೇಯ

ಅದಕ್ಕೆ ಒಂದು ಹೆಜ್ಜೆ ಹಿಂದೆ, 30ನೇ ಪ್ರಮೇಯ: ಎರಡು ಸಂಖ್ಯೆಗಳ ಗುಣಲಬ್ಧವನ್ನು ಒಂದು ಅವಿಭಾಜ್ಯ ಅಳೆದರೆ, ಆ ಎರಡರಲ್ಲಿ ಒಂದನ್ನಾದರೂ ಅದು ಅಳೆಯುತ್ತದೆ.

ಸುಮ್ನೆ ಓದಿದರೆ ಇದೇನು ಮಹಾ ಅನಿಸುತ್ತದೆ. ಸಂಯುಕ್ತ ಸಂಖ್ಯೆಯೊಂದನ್ನು ಇಟ್ಟು ನೋಡಿ. 6 ಅನ್ನುವುದು 4 × 9ನ್ನು, ಅಂದರೆ 36ನ್ನು ಅಳೆಯುತ್ತದೆ. ಆದರೆ 4ನ್ನೂ ಅಳೆಯುವುದಿಲ್ಲ, 9ನ್ನೂ ಅಳೆಯುವುದಿಲ್ಲ. 6ರೊಳಗಿನ 2 ಬಂದದ್ದು 4ರಿಂದ, 3 ಬಂದದ್ದು 9ರಿಂದ. ಅವಿಭಾಜ್ಯಕ್ಕೆ ಹೀಗೆ ಅರ್ಧ ಇಲ್ಲಿಂದ ಅರ್ಧ ಅಲ್ಲಿಂದ ಬರಲು ಆಗುವುದಿಲ್ಲ. ಇಡಿಯಾಗಿ ಒಂದು ಕಡೆಯಿಂದಲೇ ಬರಬೇಕು.

ಅನುಭವದಿಂದ ಹೀಗೆ ಅನಿಸುವುದು ಬೇರೆ, ಸಾಧಿಸುವುದು ಬೇರೆ. ಯೂಕ್ಲಿಡ್ ಹಿಡಿದದ್ದು ಅನುಪಾತದ ದಾರಿ. 7 ಎಂಬ ಅವಿಭಾಜ್ಯ ಒಂದು ಗುಣಲಬ್ಧವನ್ನು ಅಳೆಯುತ್ತದೆ ಅನ್ನಿ, 10 × 21. ಅಂದರೆ 210 = 7 × 30. ಇದನ್ನು ಅನುಪಾತವಾಗಿ ಬರೆದರೆ 7 : 10 = 21 : 30. 7 ಅನ್ನುವುದು 10ನ್ನು ಅಳೆಯುವುದಿಲ್ಲ. 7 ಅವಿಭಾಜ್ಯವಾದ್ದರಿಂದ 7 ಮತ್ತು 10ಕ್ಕೆ ಸಾಮಾನ್ಯ ಅಳತೆ ಏನೂ ಇಲ್ಲ. ಹಾಗಾಗಿ 7 : 10 ಅನ್ನುವ ಅನುಪಾತವನ್ನು ಇನ್ನೂ ಚಿಕ್ಕ ಸಂಖ್ಯೆಗಳಲ್ಲಿ ಬರೆಯಲಾಗದು. ಅದೇ ಅನುಪಾತದ ಬೇರೆ ಯಾವ ಜೋಡಿ ಬಂದರೂ ಅದು 7 ಮತ್ತು 10ನ್ನು ಒಂದೇ ಸಂಖ್ಯೆಯಿಂದ ಗುಣಿಸಿ ಬಂದದ್ದೇ ಆಗಿರಬೇಕು. ಇಲ್ಲಿ ಆ ಸಂಖ್ಯೆ 3. ಆದ್ದರಿಂದ 7 ಅನ್ನುವುದು 21ನ್ನು ಅಳೆಯಲೇಬೇಕು. ಭಿನ್ನರಾಶಿಯನ್ನು ಅತಿ ಚಿಕ್ಕ ರೂಪಕ್ಕೆ ಇಳಿಸುವ ಲೆಕ್ಕ ಗೊತ್ತಿದ್ದವರಿಗೆ ಇದು ಹೊಸದೇನಲ್ಲ. ಆದರೆ ಅದನ್ನು ಇಲ್ಲಿಗೆ ತಂದು ಕೂರಿಸಿದ್ದು ಜಾಣತನ.

ಈಗ ಸಮ ಸಂಖ್ಯೆಗಳ ಲೋಕಕ್ಕೆ ಒಮ್ಮೆ ಹೋಗಿ ಬನ್ನಿ. ಅಲ್ಲಿ 6 ಒಂದು ಅವಿಭಾಜ್ಯ. ಅದು 2 × 30ನ್ನು ಅಳೆಯುತ್ತದೆ, ಯಾಕೆಂದರೆ 60 = 6 × 10. ಆದರೆ 2ನ್ನು ಅಳೆಯುವುದಿಲ್ಲ. 30ನ್ನೂ ಅಳೆಯುವುದಿಲ್ಲ, 5 ಆ ಲೋಕದಲ್ಲಿಲ್ಲವಲ್ಲ. ಅಲ್ಲಿ 30ನೇ ಪ್ರಮೇಯ ಬಿದ್ದುಹೋಯಿತು. ಎರಡು ರೀತಿ ಒಡೆಯುವುದಕ್ಕೆ ದಾರಿಯಾದದ್ದು ಅದೇ.

ನಮ್ಮ ಲೋಕದಲ್ಲಿ ಆ ಪ್ರಮೇಯ ಗಟ್ಟಿಯಾಗಿ ನಿಂತಿದೆ. ಅಲ್ಲಿಂದ ಎರಡನೇ ಮಾತಿಗೆ ಒಂದೇ ಹೆಜ್ಜೆ. 60 = 2 × 2 × 3 × 5. ಬೇರೆ ಯಾರೋ 60ನ್ನು ಬೇರೆ ಅವಿಭಾಜ್ಯಗಳಾಗಿ ಒಡೆದಿದ್ದೇನೆ ಅಂತ ಬರುತ್ತಾರೆ. 2 ಅನ್ನುವುದು 60ನ್ನು ಅಳೆಯುತ್ತದೆ, ಹಾಗಾಗಿ ಅವರ ಗುಣಲಬ್ಧವನ್ನೂ ಅಳೆಯಬೇಕು. ಅಂದರೆ ಅವರ ಅವಿಭಾಜ್ಯಗಳಲ್ಲಿ ಒಂದನ್ನು ಅಳೆಯಬೇಕು. 2ರಿಂದ ಅಳೆಯಬಹುದಾದ ಅವಿಭಾಜ್ಯ 2 ಒಂದೇ. ಅವರ ಪಟ್ಟಿಯಲ್ಲೂ 2 ಇದೆ ಅಂತಾಯಿತು. ಎರಡೂ ಕಡೆ ಒಂದೊಂದು 2 ಹೊಡೆದುಹಾಕಿ. ಉಳಿದದ್ದಕ್ಕೂ ಇದನ್ನೇ ಮಾಡಿ. ಕೊನೆಗೆ ಎರಡು ಪಟ್ಟಿಗಳೂ ಒಂದೇ.

ಈ ಹೆಜ್ಜೆಯನ್ನು ಯೂಕ್ಲಿಡ್ ಇಡಲಿಲ್ಲ.

ಹತ್ತಿರ ಬಂದದ್ದು ಎಷ್ಟು

ಇಡಲಿಲ್ಲ ಅಂದರೆ ಪೂರ್ತಿ ದೂರ ಉಳಿದ ಅಂತಲ್ಲ. 9ನೇ ಭಾಗದ 14ನೇ ಪ್ರಮೇಯ ನೋಡಿ. ಕೆಲವು ಅವಿಭಾಜ್ಯಗಳಿಂದ ಅಳೆಯಬಹುದಾದ ಅತಿ ಚಿಕ್ಕ ಸಂಖ್ಯೆಯನ್ನು ತೆಗೆದುಕೊಂಡರೆ, ಅವುಗಳನ್ನು ಬಿಟ್ಟು ಬೇರೆ ಯಾವ ಅವಿಭಾಜ್ಯವೂ ಅದನ್ನು ಅಳೆಯುವುದಿಲ್ಲ. 2, 3, 5 ತೆಗೆದುಕೊಳ್ಳಿ. ಅವುಗಳ ಲ.ಸಾ.ಅ. 30. ಅದನ್ನು 7 ಅಳೆಯದು, 11 ಅಳೆಯದು. 30 ಒಡೆಯುವ ರೀತಿ ಒಂದೇ ಅಂದಹಾಗೇ ಆಯಿತು.

ಆದರೆ 60? ಅದು 2, 3, 5ರಿಂದ ಅಳೆಯಬಹುದಾದ ಅತಿ ಚಿಕ್ಕ ಸಂಖ್ಯೆ ಅಲ್ಲ. ಅದರಲ್ಲಿ 2 ಎರಡು ಸಲ ಬರುತ್ತದೆ. ಹಾಗಾಗಿ ಈ ಪ್ರಮೇಯದ ಮಾತಿನೊಳಗೆ 60 ಬರುವುದೇ ಇಲ್ಲ. 4, 12, 18 ಯಾವುದೂ ಬರುವುದಿಲ್ಲ.

ಅದೇ ಭಾಗದ 20ನೇ ಪ್ರಮೇಯ ಎಲ್ಲಕ್ಕಿಂತ ಪ್ರಸಿದ್ಧ. ಅವಿಭಾಜ್ಯಗಳನ್ನು ಎಷ್ಟೇ ಪಟ್ಟಿ ಮಾಡಿ, ಪಟ್ಟಿಯ ಹೊರಗೆ ಇನ್ನೊಂದು ಇದ್ದೇ ಇರುತ್ತದೆ. ಪಟ್ಟಿಯಲ್ಲಿರುವವುಗಳ ಲ.ಸಾ.ಅ. ತೆಗೆದು 1 ಸೇರಿಸು ಅನ್ನುತ್ತಾನೆ. 2, 3, 5ಕ್ಕೆ 30 + 1 = 31. ಇದು ತಾನೇ ಅವಿಭಾಜ್ಯ. ಯಾವಾಗಲೂ ಹಾಗಾಗಬೇಕಿಲ್ಲ. 2ರಿಂದ 13ರವರೆಗಿನ ಅವಿಭಾಜ್ಯಗಳನ್ನು ಗುಣಿಸಿ 1 ಸೇರಿಸಿದರೆ 30031. ಅದು 59 × 509. ತೊಂದರೆ ಇಲ್ಲ, 59 ಪಟ್ಟಿಯಲ್ಲಿರಲಿಲ್ಲ. ಪಟ್ಟಿಯಲ್ಲಿರುವ ಯಾವುದರಿಂದ ಅಳೆದರೂ 1 ಉಳಿಯುತ್ತದೆ, ಆದ್ದರಿಂದ ಅದನ್ನು ಅಳೆಯುವ ಅವಿಭಾಜ್ಯ ಹೊಸದೇ ಆಗಿರಬೇಕು. ಅಂಥದ್ದೊಂದು ಇದೆ ಅನ್ನುವ ಭರವಸೆ ಬಂದದ್ದು 31ನೇ ಪ್ರಮೇಯದಿಂದ. ‘ಈ ಸಂಖ್ಯೆ ಯಾವಾಗಲೂ ಅವಿಭಾಜ್ಯ’ ಅಂತ ಯೂಕ್ಲಿಡ್ ಹೇಳಿದ ಎಂದು ಎಷ್ಟೋ ಕಡೆ ಬರೆದಿರುತ್ತಾರೆ. ಅವನು ಹಾಗೆ ಹೇಳಲಿಲ್ಲ.

9ನೇ ಭಾಗ ಮುಗಿಯುವುದು ಪರಿಪೂರ್ಣ ಸಂಖ್ಯೆಗಳಿಂದ. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ತಾನೇ ಆಗುವ ಸಂಖ್ಯೆ ಪರಿಪೂರ್ಣ. 6 = 1 + 2 + 3. 28 = 1 + 2 + 4 + 7 + 14. ಇವನ್ನು ತಯಾರಿಸುವ ಸೂತ್ರ ಕೊಡುತ್ತಾನೆ. 1, 2, 4, 8, 16 ಹೀಗೆ ದುಪ್ಪಟ್ಟು ಮಾಡುತ್ತಾ ಕೂಡಿಸು. ಮೊತ್ತ ಅವಿಭಾಜ್ಯವಾದರೆ ಅದನ್ನು ಕೊನೆಯ ಸಂಖ್ಯೆಯಿಂದ ಗುಣಿಸು. 1 + 2 + 4 + 8 + 16 = 31, ಅವಿಭಾಜ್ಯ. 31 × 16 = 496. ಅದರ ಭಾಜಕಗಳು 1, 2, 4, 8, 16, 31, 62, 124, 248. ಕೂಡಿಸಿದರೆ 496.

ಇದು ಸರಿ ಅಂತ ಸಾಧಿಸಲು ಒಂದು ಮಾತು ಖಚಿತವಾಗಬೇಕು: ಈ ಒಂಬತ್ತನ್ನು ಬಿಟ್ಟು 496ಕ್ಕೆ ಬೇರೆ ಭಾಜಕ ಇಲ್ಲ. ಒಡೆಯುವ ರೀತಿ ಒಂದೇ ಅನ್ನುವ ಪ್ರಮೇಯ ಕೈಯಲ್ಲಿದ್ದರೆ ಇದು ಒಂದು ಸಾಲಿನ ಕೆಲಸ. ಯೂಕ್ಲಿಡ್ ಅದಿಲ್ಲದೆ, ಒಂದು ಅವಿಭಾಜ್ಯವನ್ನು ಮತ್ತೆ ಮತ್ತೆ ಗುಣಿಸಿದಾಗ ಬರುವ ಸಾಲುಗಳ ಬಗ್ಗೆ ಮೊದಲೇ ಸಾಧಿಸಿಟ್ಟ ಪ್ರಮೇಯವನ್ನು ಬಳಸಿ, ಉದ್ದ ದಾರಿಯಲ್ಲಿ ಹೋಗಿ ತಲುಪುತ್ತಾನೆ. ಅಂದರೆ ಬೇಕಾದಾಗ, ಬೇಕಾದಷ್ಟು ಮಟ್ಟಿಗೆ ಅವನು ಆ ಸತ್ಯವನ್ನು ಸಾಧಿಸಿಕೊಳ್ಳುತ್ತಿದ್ದ.

ಹಾಗಾದರೆ ಯಾಕೆ ಬಿಟ್ಟ?

ಅವನೇ ಕಾರಣ ಬರೆದಿಟ್ಟಿಲ್ಲ. ಪುಸ್ತಕದ ರೀತಿ ನೋಡಿದರೆ ಎರಡು ಸಂಗತಿ ಕಾಣುತ್ತವೆ.

ಒಂದು, ಬರೆಯುವ ಸೌಕರ್ಯ. ನಾವು ಸಲೀಸಾಗಿ 2 × 2 × 3 × 5 ಅಂತ ಬರೆಯುತ್ತೇವೆ. ಎಷ್ಟು ಅವಿಭಾಜ್ಯ ಇದ್ದರೂ, ಯಾವುದು ಎಷ್ಟು ಸಲ ಬಂದರೂ ಬರೆಯಲು ದಾರಿ ಇದೆ. ಯೂಕ್ಲಿಡ್‌ಗೆ ಗುಣಾಕಾರದ ಚಿಹ್ನೆ ಇರಲಿಲ್ಲ, ಘಾತ ಬರೆಯುವ ಕ್ರಮ ಇರಲಿಲ್ಲ. ಎರಡು ಸಂಖ್ಯೆ ಗುಣಿಸಿ ಬಂದದ್ದಕ್ಕೆ ಸಮತಲ ಸಂಖ್ಯೆ, ಮೂರು ಗುಣಿಸಿ ಬಂದದ್ದಕ್ಕೆ ಘನ ಸಂಖ್ಯೆ ಅಂತ ಹೆಸರಿಟ್ಟ. ಉದ್ದ, ಅಗಲ, ಎತ್ತರ. ಅದರಾಚೆ ನಾಲ್ಕನೆಯದಕ್ಕೆ ಹೆಸರಿಲ್ಲ. ‘ಎಷ್ಟೇ ಅವಿಭಾಜ್ಯಗಳಿರಲಿ’ ಅಂತ ಹೇಳಬೇಕಾದ 20ನೇ ಪ್ರಮೇಯದಲ್ಲೂ ಅವನು ಮೂರು ಅಕ್ಷರ ಹಿಡಿದು ವಾದಿಸುತ್ತಾನೆ. ಮೂರಕ್ಕೆ ನಡೆದದ್ದು ಎಷ್ಟಕ್ಕಾದರೂ ನಡೆಯುತ್ತದೆ ಅನ್ನೋದು ಓದುವವನಿಗೆ ಬಿಟ್ಟದ್ದು.

ಇನ್ನೊಂದು, ಅವನಿಗೆ ಬೇಕಿದ್ದದ್ದು ಬೇರೆ. 7ರಿಂದ 9ನೇ ಭಾಗಗಳಲ್ಲಿ ಜಾಸ್ತಿ ಬರುವುದು ಅನುಪಾತ, ಸರಣಿ, ಸಹ-ಅವಿಭಾಜ್ಯ ಜೋಡಿಗಳು. ಅವೆಲ್ಲಕ್ಕೂ ಮ.ಸಾ.ಅ. ವಿಧಾನವೇ ಸಾಕು. ಒಂದೇ ಸಂಖ್ಯೆಯನ್ನು ಎದುರಿಗಿಟ್ಟುಕೊಂಡು ಅದರೊಳಗೆ ಏನೇನಿದೆ ಅಂತ ಪೂರ್ತಿ ಪಟ್ಟಿ ಮಾಡುವ ಅಗತ್ಯ ಅವನಿಗೆ ಬೀಳಲಿಲ್ಲ. ಇದನ್ನು ಕೊರತೆ ಅನ್ನಲು ನನಗೆ ಮನಸ್ಸಿಲ್ಲ. ನಾವು ಕೇಳುವ ಪ್ರಶ್ನೆ ಅವನದಾಗಿರಲಿಲ್ಲ, ಅಷ್ಟೆ.

ಆಮೇಲೆ ಯಾರು ಬರೆದರು?

ಯೂಕ್ಲಿಡ್ ನಂತರ ಅಲೆಕ್ಸಾಂಡ್ರಿಯಾದ ಗ್ರಂಥಾಲಯ ನೋಡಿಕೊಂಡ ಎರಟೊಸ್ತನೀಸ್ ಅವಿಭಾಜ್ಯಗಳನ್ನು ಹೆಕ್ಕುವ ಜರಡಿ ವಿಧಾನ ಕೊಟ್ಟ. 3ರಿಂದ ಶುರು ಮಾಡಿ ಬೆಸ ಸಂಖ್ಯೆಗಳನ್ನು ಸಾಲಾಗಿ ಬರೆದು, 3ನ್ನು ಉಳಿಸಿ ಮೂರರ ಮಗ್ಗಿ, 5ನ್ನು ಉಳಿಸಿ ಐದರ ಮಗ್ಗಿ ಅಂತ ಹೊಡೆದುಹಾಕುತ್ತಾ ಹೋದರೆ ಉಳಿದವು ಅವಿಭಾಜ್ಯ. ಇದು ನಮಗೆ ಗೊತ್ತಾದದ್ದು ಕ್ರಿ.ಶ. 100ರ ಸುಮಾರಿನ ನಿಕೊಮ್ಯಾಕಸ್ ಬರೆದಿಟ್ಟದ್ದರಿಂದ. ಒಡೆಯುವ ಪ್ರಮೇಯದ ವಿಷಯದಲ್ಲಿ ಮಾತ್ರ ಹೆಚ್ಚೇನೂ ಮುಂದೆ ಹೋಗಲಿಲ್ಲ.

ಮುಂದಿನ ದೊಡ್ಡ ಹೆಜ್ಜೆ ಪರ್ಷಿಯಾದ ಕಮಾಲ್ ಅಲ್-ದೀನ್ ಅಲ್-ಫಾರಿಸಿಯದು. ಕಾಲ 1300ರ ಆಸುಪಾಸು. ಅವನು ಸ್ನೇಹ ಸಂಖ್ಯೆಗಳ ಹಿಂದೆ ಬಿದ್ದಿದ್ದ. ತನ್ನನ್ನು ಬಿಟ್ಟು ಒಂದರ ಉಳಿದ ಭಾಜಕಗಳ ಮೊತ್ತ ಇನ್ನೊಂದು, ಅದರ ಅಂಥದ್ದೇ ಮೊತ್ತ ಮೊದಲನೆಯದು, ಇಂಥ ಜೋಡಿಗಳು. 17296 ಮತ್ತು 18416 ಅಂಥ ಜೋಡಿ ಅಂತ ಅವನು ತೋರಿಸಿದ. ಇಲ್ಲಿ ಒಂದೂ ತಪ್ಪದಂತೆ ಎಲ್ಲ ಭಾಜಕಗಳ ಪಟ್ಟಿ ಬೇಕು. ಯೂಕ್ಲಿಡ್‌ಗೆ ಬೀಳದ ಅಗತ್ಯ ಅಲ್-ಫಾರಿಸಿಗೆ ಬಿತ್ತು. ಯಾವ ಸಂಯುಕ್ತ ಸಂಖ್ಯೆಯನ್ನಾದರೂ ಅವಿಭಾಜ್ಯಗಳ ಗುಣಲಬ್ಧವಾಗಿ ಪೂರ್ತಿ ಒಡೆಯಬಹುದು ಅಂತ ಅವನು ಸ್ಪಷ್ಟವಾಗಿ ಹೇಳಿ ಸಾಧಿಸಿದ.

ಎರಡೂ ಮಾತುಗಳನ್ನು ಸೇರಿಸಿ ಇವತ್ತಿನ ಹಾಗೆ ಹೇಳಿದ್ದು ಜರ್ಮನಿಯ ಗೌಸ್, 1801ರಲ್ಲಿ. ಆಗ ಅವನಿಗೆ 24 ವರ್ಷ. ಒಡೆಯಬಹುದು ಅನ್ನೋದು ಎಲ್ಲರಿಗೂ ಗೊತ್ತು, ಒಂದಕ್ಕಿಂತ ಹೆಚ್ಚು ರೀತಿಯಲ್ಲಿ ಒಡೆಯಲಾಗದು ಅನ್ನೋದನ್ನು ಮಾತ್ರ ಸಾಧನೆ ಇಲ್ಲದೆ ಸುಮ್ಮನೆ ಒಪ್ಪಿಕೊಂಡು ಬಂದಿದ್ದಾರೆ ಅಂತ ಅವನು ಆಕ್ಷೇಪ ಎತ್ತಿದ. ಅವನ ಸಾಧನೆಗೆ ಆಧಾರ ಯೂಕ್ಲಿಡ್‌ನ ಅದೇ 30ನೇ ಪ್ರಮೇಯ. ಇದನ್ನು ಯೂಕ್ಲಿಡ್ ಆಗಲೇ ಸಾಧಿಸಿದ್ದಾನೆ, ಈಚಿನವರಲ್ಲಿ ಹಲವರು ಅದನ್ನು ಬಿಟ್ಟೇಬಿಟ್ಟಿದ್ದಾರೆ, ಇಲ್ಲವೇ ಸಾಧನೆಯ ಜಾಗದಲ್ಲಿ ಅಸ್ಪಷ್ಟ ವಾದ ಕೊಟ್ಟಿದ್ದಾರೆ ಎಂದೂ ಬರೆದ.

ಗೌಸ್ ಇಷ್ಟು ಹಟ ಹಿಡಿದದ್ದು ಅತಿಯಾಯಿತೇ? 1847ರ ಮಾರ್ಚ್ 1ರಂದು ಪ್ಯಾರಿಸ್‌ನ ವಿಜ್ಞಾನ ಅಕಾಡೆಮಿಯಲ್ಲಿ ಗೇಬ್ರಿಯಲ್ ಲಾಮೆ ಎದ್ದು ನಿಂತು, ಫರ್ಮಾನ ಕೊನೆಯ ಪ್ರಮೇಯವನ್ನು (ಘಾತ n 2ಕ್ಕಿಂತ ದೊಡ್ಡದಾದರೆ xⁿ + yⁿ = zⁿ ಆಗುವಂಥ ಧನ ಪೂರ್ಣಸಂಖ್ಯೆಗಳು ಇಲ್ಲ ಅನ್ನುವುದನ್ನು) ಸಾಧಿಸಿದ್ದೇನೆ ಎಂದ. ಅವನು ಬಳಸಿದ್ದು ಮಾಮೂಲಿ ಸಂಖ್ಯೆಗಳಿಗೆ ಕೆಲವು ಸಂಕೀರ್ಣ ಸಂಖ್ಯೆಗಳನ್ನು (−1ರ ವರ್ಗಮೂಲವನ್ನೂ ಬಳಸಿ ಬರೆಯುವ ಸಂಖ್ಯೆಗಳನ್ನು) ಸೇರಿಸಿ ಕಟ್ಟಿದ ಹೊಸ ಸಂಖ್ಯೆಗಳನ್ನು. ಸಭೆಯಲ್ಲಿದ್ದ ಜೋಸೆಫ್ ಲಿಯೋವಿಲ್ ಅನುಮಾನ ಎತ್ತಿದ. ಈ ಹೊಸ ಸಂಖ್ಯೆಗಳು ಒಂದೇ ರೀತಿ ಒಡೆಯುತ್ತವೆ ಅನ್ನೋದಕ್ಕೆ ಏನು ಆಧಾರ? ಮೇ ತಿಂಗಳಲ್ಲಿ ಜರ್ಮನಿಯ ಅರ್ನ್ಸ್ಟ್ ಕುಮ್ಮರ್‌ನ ಪತ್ರವನ್ನು ಅಕಾಡೆಮಿಯಲ್ಲಿ ಓದಲಾಯಿತು. ಆ ಸಂಖ್ಯೆಗಳಲ್ಲಿ ಒಡೆಯುವ ರೀತಿ ಒಂದೇ ಆಗಿರಬೇಕಿಲ್ಲ, ಅದನ್ನು ಮೂರು ವರ್ಷದ ಹಿಂದೆಯೇ ಪ್ರಕಟಿಸಿದ್ದೇನೆ ಅಂತ ಅದರಲ್ಲಿತ್ತು. ಫರ್ಮಾನ ಪ್ರಮೇಯದ ಘಾತ 3, 5, 7, 11, 13, 17, 19 ಆದಾಗ ಆಯಾ ಸಂಖ್ಯಾಲೋಕ ನಮ್ಮದರ ಹಾಗೇ ಸರಿಯಾಗಿರುತ್ತದೆ. 23ಕ್ಕೆ ಬಂದಾಗ ಮೊದಲ ಸಲ ಕೆಡುತ್ತದೆ. ಲಾಮೆಯ ಸಾಧನೆ ಅಲ್ಲಿಗೆ ಬಿದ್ದುಹೋಯಿತು.